ಅವಶೇಷಗಳ ಮುಂದೆ ನಿಂತ ವಿದ್ವಾಂಸ: ಅಬ್ದುಲ್ಲತೀಫ್ ಬಗ್ದಾದಿ



ನೀವು ಒಂದು ದಿನ ಈಜಿಪ್ಟಿಗೆ ಹೋದಿರೆಂದು ಭಾವಿಸಿ. ಉಮ್ರಾ ಮುಗಿಸಿ ಬರುವಾಗಲೋ, ಗಲ್ಫ್‌ನಲ್ಲಿ ದುಡಿಯುವ ಮಗನ ಜೊತೆಗೋ ಕೈರೋ ತಲಪಿದಿರಿ. ನೈಲ್ ನದಿಯ ಆಚೆ ದಡದಲ್ಲಿ, ಗೀಝಾದ ಮರಳಿನ ಮೇಲೆ, ಮೂರು ಪಿರಮಿಡ್‌ಗಳು ನಿಮ್ಮ ಕಣ್ಣಮುಂದೆ ನಿಂತಿವೆ. ಅವುಗಳಲ್ಲಿ ದೊಡ್ಡದರ ಒಂದೊಂದು ಬದಿಯ ಉದ್ದ ಸುಮಾರು 230 ಮೀಟರ್. ಕಟ್ಟಿದ ಕಾಲದಲ್ಲಿ ಅದರ ಎತ್ತರ ಸುಮಾರು 146 ಮೀಟರ್ ಇತ್ತು. ವಯಸ್ಸು ಸುಮಾರು 4,500 ವರ್ಷ. ಅದರ ಮುಂದೆ ನಿಂತು ನೀವು ಏನು ಮಾಡುವಿರಿ? ಒಂದು ಫೋಟೋ ತೆಗೆಸಿಕೊಳ್ಳುವಿರಿ. ಒಂಟೆಯ ಮೇಲೆ ಕುಳಿತು ಒಂದು ಸುತ್ತು ಹಾಕುವಿರಿ. ಆ ಬಳಿಕ?

ಗತಿಸಿ ಹೋದ ಜನಾಂಗಗಳ ಅಂತ್ಯ ಏನಾಯಿತೆಂಬುದನ್ನು ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಪವಿತ್ರ ಕುರ್‌ಆನ್ ನಮ್ಮನ್ನು ಹಲವು ಕಡೆ ಕರೆಯುತ್ತದೆ. ನಾವು ಆ ವಚನಗಳನ್ನು ಓದುತ್ತೇವೆ, ಕೇಳುತ್ತೇವೆ. ದೇಶ ಸುತ್ತಲು ಹಣ ಮತ್ತು ಬಿಡುವು ಸಿಕ್ಕಿದಾಗ ಹೋಗಿಯೂ ಬರುತ್ತೇವೆ. ಆದರೆ ಹೋಗುವುದು ಬೇರೆ, ನೋಡುವುದು ಬೇರೆ. ಕಣ್ಣಿರುವವರೆಲ್ಲ ನೋಡುವುದಿಲ್ಲ.

ಎಂಟುನೂರು ವರ್ಷಗಳಿಗೂ ಹಿಂದೆ ಬಗ್ದಾದಿನಿಂದ ಹೊರಟ ಒಬ್ಬ ವಿದ್ವಾಂಸರು ಅದೇ ಪಿರಮಿಡ್‌ಗಳ ಮುಂದೆ ನಿಂತಿದ್ದರು. ಅವರು ನೋಡಿದ ರೀತಿಯಲ್ಲಿ ನಮಗೆ ಕಲಿಯಲು ಬಹಳಷ್ಟಿದೆ. ಅವರ ಬದುಕಿನ ಕತೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಬಗ್ದಾದಿನ ಬಾಲಕ

ಅವರ ಹೆಸರು ಮುವಫ್ಫಕುದ್ದೀನ್ ಅಬ್ದುಲ್ಲತೀಫ್ ಬಿನ್ ಯೂಸುಫ್. ಹಿಜರಿ 557ರಲ್ಲಿ, ಅಂದರೆ ಕ್ರಿ.ಶ. 1162ರಲ್ಲಿ ಅವರು ಬಗ್ದಾದಿನಲ್ಲಿ ಜನಿಸಿದರು. ತಂದೆ ವಿದ್ಯಾವಂತರು. ಮಗುವಾಗಿದ್ದಾಗಲೇ ಅವರನ್ನು ಹದೀಸ್ ವಿದ್ವಾಂಸರ ಸಭೆಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಆಟಪಾಠಗಳ ವಯಸ್ಸಿನಲ್ಲಿ ಆಟವೇನೆಂಬುದು ಈ ಬಾಲಕನಿಗೆ ಹೆಚ್ಚು ತಿಳಿಯಲೇ ಇಲ್ಲ.

ಸ್ವಲ್ಪ ದೊಡ್ಡವನಾದ ಮೇಲೆ ತಂದೆ ಅವನನ್ನು ಅಂದಿನ ಹೆಸರಾಂತ ವ್ಯಾಕರಣ ಪಂಡಿತ ಕಮಾಲುದ್ದೀನ್ ಅನ್ಬಾರಿಯವರ ಬಳಿಗೆ ಕರೆದೊಯ್ದರು. ಗುರುಗಳು ನಿರರ್ಗಳವಾಗಿ ಪಾಠ ಹೇಳಿದರು. ಸುತ್ತ ಕುಳಿತವರೆಲ್ಲ ತಲೆದೂಗಿದರು. ಹುಡುಗನಿಗೆ ಮಾತ್ರ ಒಂದಕ್ಷರವೂ ಅರ್ಥವಾಗಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸುವುದು ತಮ್ಮಿಂದಾಗದೆಂದು ಗುರುಗಳು ಅವನನ್ನು ತಮ್ಮ ಶಿಷ್ಯ ವಜೀಹ್ ವಾಸಿತಿಯವರ ಬಳಿಗೆ ಕಳಿಸಿದರು. ವಜೀಹ್ ಕುರುಡರಾಗಿದ್ದರು. ಆದರೆ ಕಲಿಸುವುದರಲ್ಲಿ ಅವರಿಗಿದ್ದ ತಾಳ್ಮೆ ಅಪಾರ. ಬೆಳಗಿನಿಂದ ರಾತ್ರಿಯವರೆಗೆ ಅವರು ಹುಡುಗನಿಗೆ ಪಾಠ ಬಿಡಿಸಿ ಹೇಳುತ್ತಿದ್ದರು. ದಾರಿಯಲ್ಲಿ ನಡೆಯುವಾಗಲೂ ಪಾಠದ ಮಾತೇ ನಡೆಯುತ್ತಿತ್ತು. ಸಂಜೆ ಇಬ್ಬರೂ ಸೇರಿ ದೊಡ್ಡ ಗುರುಗಳ ತರಗತಿಗೆ ಹೋಗುತ್ತಿದ್ದರು. ಕ್ರಮೇಣ ಶಿಷ್ಯನು ಕಂಠಪಾಠದಲ್ಲಿ ಗುರುವನ್ನೇ ಹಿಂದೆ ಹಾಕಿದನು. ನೋಡುವುದರಲ್ಲಿ ಮುಂದೆ ಲೋಕಪ್ರಸಿದ್ಧರಾದ ವ್ಯಕ್ತಿಗೆ ಜ್ಞಾನದ ಬಾಗಿಲು ತೆರೆದುಕೊಟ್ಟವರು ಕಣ್ಣಿಲ್ಲದ ಒಬ್ಬ ಗುರು!

ಯೌವನದಲ್ಲಿ ಅವರೊಂದು ತಪ್ಪು ದಾರಿಯನ್ನೂ ಹಿಡಿದರು. ಅಗ್ಗದ ಲೋಹವನ್ನು ಚಿನ್ನವಾಗಿಸುವ 'ಕೀಮಿಯಾ' ವಿದ್ಯೆಯ ಮರುಳು ಆ ಕಾಲದ ಅನೇಕರಿಗೆ ಹಿಡಿದಿತ್ತು. ಅಬ್ದುಲ್ಲತೀಫರಿಗೂ ಹಿಡಿಯಿತು. ಆ ಗ್ರಂಥಗಳ ಹಿಂದೆ ಅವರು ಹಲವು ಕಾಲ ಅಲೆದರು. ಕೊನೆಗೆ ಅದು ಬರಿಯ ಮೋಸವೆಂದು ಅರಿತು ಬಿಟ್ಟುಬಿಟ್ಟರು. ಬಿಟ್ಟದ್ದು ಮಾತ್ರವಲ್ಲ, ತಾವು ಮೋಸ ಹೋದುದನ್ನು ಮುಚ್ಚಿಡದೆ ಬರೆದಿಟ್ಟರು. ಹೊಳೆಯುವ ಚಿನ್ನದ ಆಸೆ ಬುದ್ಧಿವಂತನನ್ನೂ ಹೇಗೆ ಕುರುಡಾಗಿಸುತ್ತದೆ ಎಂಬುದನ್ನು ಅವರು ಸ್ವತಃ ಅನುಭವಿಸಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಲ್ತಾನರ ಶಿಬಿರದಲ್ಲಿ

ಕ್ರಿ.ಶ. 1189ರಲ್ಲಿ ತಮ್ಮ ಜ್ಞಾನದಾಹವನ್ನು ತಣಿಸುವವರು ಬಗ್ದಾದಿನಲ್ಲಿ ಇನ್ನು ಉಳಿದಿಲ್ಲವೆಂದು ತೋರಿದಾಗ ಅವರು ಊರು ಬಿಟ್ಟರು. ಮೋಸುಲ್‌ನಲ್ಲಿ ಒಂದು ವರ್ಷ ಪಾಠ ಹೇಳಿದರು. ಅಲ್ಲಿಂದ ದಮಸ್ಕಸ್‌ಗೆ ಬಂದರು. ಅದು ಶಿಲುಬೆ ಯುದ್ಧಗಳ ಕಾಲ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಅಕ್ಕಾ ಪಟ್ಟಣದ ಹೊರಗೆ ಬೀಡುಬಿಟ್ಟಿದ್ದರು. ಅಬ್ದುಲ್ಲತೀಫರು ಆ ಶಿಬಿರಕ್ಕೂ ಹೋದರು.

ಅಲ್ಲಿ ಅವರು ಸುಲ್ತಾನರ ಮಂತ್ರಿ ಕಾಝಿ ಫಾಝಿಲರನ್ನು ಕಂಡರು. ಸಣಕಲು ದೇಹದ ಆ ಮಂತ್ರಿ ತಾನೂ ಬರೆಯುತ್ತ, ಅದೇ ಹೊತ್ತಿಗೆ ಇಬ್ಬರು ಬರಹಗಾರರಿಗೆ ಹೇಳಿ ಬರೆಸುತ್ತ ಕುಳಿತಿದ್ದರು. ಅಕ್ಕಾ ಶತ್ರುಗಳ ಕೈಸೇರಿ, ಅಲ್ಲಿಯ ಮುಸ್ಲಿಮರು ಹತರಾದ ನೋವಿನಲ್ಲಿ ಸುಲ್ತಾನರು ಮುಳುಗಿದ್ದರು. ದಮಸ್ಕಸ್‌ಗೆ ಮರಳಿದರೆ ಅಲ್ಲಿ ವೇತನದ ಏರ್ಪಾಡು ಮಾಡಿಸುವೆನೆಂದು ಮಂತ್ರಿ ಹೇಳಿದರು. ಆದರೆ ಅಬ್ದುಲ್ಲತೀಫರ ಮನಸ್ಸು ಈಜಿಪ್ಟಿನತ್ತ ಇತ್ತು. ಅಲ್ಲಿಯ ವಿದ್ವಾಂಸರನ್ನು ಕಾಣಬೇಕು, ಅಲ್ಲಿಯ ಅದ್ಭುತಗಳನ್ನು ನೋಡಬೇಕು. ಮಂತ್ರಿ ಒಂದು ಪುಟ್ಟ ಚೀಟಿ ಬರೆದುಕೊಟ್ಟರು. ಆ ಚೀಟಿಯ ಬಲದಿಂದ ಕೈರೋದಲ್ಲಿ ಅವರಿಗೆ ಮನೆ, ಧಾನ್ಯ, ಹಣ ಎಲ್ಲವೂ ದೊರೆತವು.

ಮುಂದೆ ಸಂಧಿಯಾದಾಗ ಅವರು ಬೈತುಲ್ ಮುಕದ್ದಸ್‌ಗೆ ಬಂದು ಸುಲ್ತಾನರನ್ನು ಭೇಟಿಯಾದರು. ಆ ದಿನಗಳಲ್ಲಿ ನಗರಕ್ಕೆ ಗೋಡೆ ಕಟ್ಟುವ, ಕಂದಕ ತೋಡುವ ಕೆಲಸ ನಡೆಯುತ್ತಿತ್ತು. ಸುಲ್ತಾನರು ಮುಂಜಾನೆಯೇ ಹೊರಟು ತಮ್ಮ ಹೆಗಲ ಮೇಲೆ ಕಲ್ಲು ಹೊರುತ್ತಿದ್ದರು. ಅವರನ್ನು ಕಂಡು ಬಡವರೂ ಬಲ್ಲಿದರೂ, ಆ ಮಂತ್ರಿಯೂ ಕಲ್ಲು ಹೊರುತ್ತಿದ್ದರು. ಅಬ್ದುಲ್ಲತೀಫರು ಇದನ್ನು ಕಣ್ಣಾರೆ ಕಂಡರು. ಸುಲ್ತಾನರು ಅವರಿಗೆ ತಿಂಗಳಿಗೆ 30 ದೀನಾರ್ ಗೊತ್ತುಪಡಿಸಿದರು. ಸುಲ್ತಾನರ ಪುತ್ರರೂ ಸೇರಿಸಿ ಅದು 100 ದೀನಾರ್ ಆಯಿತು. ಆದರೆ 1193ರ ಮಾರ್ಚ್‌ನಲ್ಲಿ ಸಲಾಹುದ್ದೀನ್ ದಮಸ್ಕಸ್‌ನಲ್ಲಿ ನಿಧನ ಹೊಂದಿದರು. ಜನರು ಅವರಿಗಾಗಿ ಪ್ರವಾದಿಗಳಿಗಾಗಿ ದುಃಖಿಸುವಂತೆ ದುಃಖಿಸಿದರೆಂದು ಅಬ್ದುಲ್ಲತೀಫರು ಬರೆದಿದ್ದಾರೆ.

ಆ ಬಳಿಕ ಅವರು ಸುಲ್ತಾನರ ಮಗ ಅಲ್ ಅಝೀಝ್ ಉಸ್ಮಾನ್ ಆಳುತ್ತಿದ್ದ ಈಜಿಪ್ಟಿಗೆ ಮರಳಿದರು. ಬೆಳಗ್ಗೆ ಅಲ್ ಅಝ್‌ಹರ್ ಮಸೀದಿಯಲ್ಲಿ ಪಾಠ, ಮಧ್ಯಾಹ್ನ ವೈದ್ಯಶಾಸ್ತ್ರದ ಪಾಠ, ಸಂಜೆ ಮತ್ತೆ ಅಝ್‌ಹರ್‌ನಲ್ಲಿ ಪಾಠ, ರಾತ್ರಿ ಸ್ವಂತ ಅಧ್ಯಯನ. ಇದು ಅವರ ದಿನಚರಿಯಾಗಿತ್ತು.

ಪಿರಮಿಡ್‌ನ ಒಳಗೆ

ಬಿಡುವು ದೊರೆತಾಗಲೆಲ್ಲ ಅವರು ಹಳೆಯ ಅವಶೇಷಗಳನ್ನು ನೋಡಲು ಹೊರಡುತ್ತಿದ್ದರು. ಅಲ್ಲಲ್ಲಿ ಕೇಳಿದ ಕತೆಗಳನ್ನು ನಂಬಿ ಬರೆಯುವುದು ಅವರ ಪದ್ಧತಿಯಲ್ಲ. ಹೋಗಬೇಕು, ಅಳೆಯಬೇಕು, ಮುಟ್ಟಿ ನೋಡಬೇಕು. ಪಿರಮಿಡ್‌ನ ಕಲ್ಲುಗಳ ನಡುವೆ ಸೂಜಿಯೂ ಹೋಗದು, ಕೂದಲೂ ತೂರದು ಎಂಬುದನ್ನು ಅವರು ಗಮನಿಸಿದರು. ಪಿರಮಿಡ್ ಹತ್ತುವುದರಲ್ಲಿ ಪಳಗಿದ ಪಕ್ಕದ ಹಳ್ಳಿಯ ಒಬ್ಬನಿಗೆ ಸ್ವಲ್ಪ ಹಣ ಕೊಟ್ಟು ಮೇಲೆ ಹತ್ತಿಸಿದರು. ಅವನು ನಾವು ಮನೆಯ ಮೆಟ್ಟಿಲು ಹತ್ತುವಂತೆ ಹತ್ತಿದನು. ತುದಿಯ ಅಗಲವನ್ನು ಅವನ ಪೇಟದ ಬಟ್ಟೆಯಿಂದಲೇ ಅಳೆಸಿ ತರಿಸಿದರು. ಅದು 11 ಮೊಳ ಇತ್ತು.

ದೊಡ್ಡ ಪಿರಮಿಡ್‌ನೊಳಗೆ ಹೋಗಲು ಒಂದು ಕೊರೆದ ದಾರಿಯಿದೆ. ಅಬ್ಬಾಸಿ ಖಲೀಫಾ ಮಅಮೂನ್ ಅದನ್ನು ಕೊರೆಸಿದರೆಂದು ಹೇಳಲಾಗುತ್ತದೆ. ಅಬ್ದುಲ್ಲತೀಫರು ಒಂದು ಗುಂಪಿನೊಡನೆ ಅದರೊಳಗೆ ನುಗ್ಗಿದರು. ಕತ್ತಲು, ಇಕ್ಕಟ್ಟು, ಬಾವಲಿಗಳು. ಮೂರರಲ್ಲಿ ಎರಡು ಪಾಲು ದಾರಿ ಸಾಗುವಷ್ಟರಲ್ಲಿ ಭಯದಿಂದ ಪ್ರಜ್ಞೆ ತಪ್ಪಿದಂತಾಗಿ, ಅರೆಜೀವವಾಗಿ ಹಿಂದಿರುಗಿದರು. ಇದನ್ನೂ ಅವರೇ ಬರೆದಿದ್ದಾರೆ. ತುದಿಯವರೆಗೂ ಹೋದೆನೆಂದು ಬರೆದಿದ್ದರೆ ಕೇಳುವವರು ಯಾರಿದ್ದರು? ಪ್ರವಾಸದಿಂದ ಬಂದು ಇಲ್ಲದ್ದನ್ನು ಸೇರಿಸಿ ಹೇಳುವ ನಮ್ಮ ಚಾಳಿಯನ್ನು ಇದರೊಂದಿಗೆ ಹೋಲಿಸಿ ನೋಡಿ.

ಪಿರಮಿಡ್‌ಗಳ ಹೊರಮೈ ತುಂಬ ಹಳೆಯ ಲಿಪಿಯ ಬರಹಗಳಿದ್ದವು. ಅವನ್ನೆಲ್ಲ ನಕಲು ಮಾಡಿದರೆ ಹತ್ತು ಸಾವಿರ ಪುಟಗಳಾದೀತು ಎಂದು ಅವರ ಅಂದಾಜು. ಅದನ್ನು ಓದಬಲ್ಲವರ ಹೆಸರನ್ನು ಕೇಳಿದವರೂ ಇಡೀ ಈಜಿಪ್ಟಿನಲ್ಲಿ ಅವರಿಗೆ ಸಿಗಲಿಲ್ಲ. ಈಜಿಪ್ಟಿನ ಪುರಾತನ ಲಿಪಿಯ ಗುಟ್ಟನ್ನು ಬಿಡಿಸಿದ್ದು ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್, 1822ರಲ್ಲಿ. ಅಷ್ಟರಲ್ಲಿ ಬರಹಗಳಿದ್ದ ಆ ಹೊರಗಲ್ಲುಗಳಲ್ಲಿ ಹೆಚ್ಚಿನವನ್ನು ಜನರು ಕಿತ್ತು ಒಯ್ದಿದ್ದರು.

ಪಿರಮಿಡ್‌ಗಳ ಬಳಿ ಮರಳಿನಿಂದ ಎದ್ದು ನಿಂತ ಬೃಹತ್ ತಲೆಯೊಂದಿದೆ. ಅದನ್ನು ಅರಬರು ಅಬುಲ್ ಹೌಲ್ ಎನ್ನುತ್ತಾರೆ, ಜಗತ್ತು ಸ್ಫಿಂಕ್ಸ್ ಎನ್ನುತ್ತದೆ. ಅದರ ದೇಹ ಅಂದು ಮರಳಿನಡಿ ಹೂತಿತ್ತು. ಮುಖದ ಕೆಂಪು ಬಣ್ಣ ಮಾಸಿರಲಿಲ್ಲ. ತಾವು ಕಂಡ ಅತ್ಯಂತ ವಿಸ್ಮಯದ ವಸ್ತು ಯಾವುದೆಂದು ಒಬ್ಬ ವಿದ್ವಾಂಸರು ಕೇಳಿದಾಗ ಅಬ್ದುಲ್ಲತೀಫರು ಈ ಮುಖದ ಅಳತೆಯ ಹೊಂದಾಣಿಕೆಯನ್ನು ಹೆಸರಿಸಿದರು. ಅಷ್ಟು ದೊಡ್ಡ ಮುಖದಲ್ಲಿ ಕಣ್ಣು, ಮೂಗು, ಕಿವಿಗಳು ಸೃಷ್ಟಿಯಲ್ಲಿರುವಂತೆಯೇ ಒಂದಕ್ಕೊಂದು ತಕ್ಕಂತಿವೆ. ಅದನ್ನು ಕೆತ್ತಿದವನ ಮುಂದೆ ಅಂತಹ ಮಾದರಿ ಎಲ್ಲಿತ್ತು?

ಅಝ್‌ಹರ್‌ನಲ್ಲಿ ಪಾಠ ಹೇಳುವ ಈ ಏಕದೇವ ವಿಶ್ವಾಸಿ ಶಿಲ್ಪಿಯ ಕೌಶಲ್ಯವನ್ನು ಮನಸಾರೆ ಮೆಚ್ಚಿದರು. ಆದರೆ ಅವರ ಹಣೆ ಅಲ್ಲಾಹನಿಗಲ್ಲದೆ ಇನ್ನಾರಿಗೂ ಬಾಗಲಿಲ್ಲ. ಇವೆರಡೂ ಒಂದೇ ಹೃದಯದಲ್ಲಿ ನೆಮ್ಮದಿಯಿಂದ ಇರಬಲ್ಲವು.

ಕಲ್ಲು ಹೊತ್ತ ತಂದೆ, ಕಲ್ಲು ಕಿತ್ತ ಮಗ

ಹಿಜರಿ 593ರಲ್ಲಿ, ಅಂದರೆ ಕ್ರಿ.ಶ. 1196ರ ಸುಮಾರಿಗೆ, ಒಂದು ದುಡುಕಿನ ಕೆಲಸ ನಡೆಯಿತು. ಅಲ್ ಅಝೀಝ್ ಉಸ್ಮಾನರಿಗೆ ಅವಿವೇಕಿಗಳಾದ ಕೆಲವು ಒಡನಾಡಿಗಳು ಪಿರಮಿಡ್‌ಗಳನ್ನು ಕೆಡವುವ ಸಲಹೆ ಕೊಟ್ಟರು. ಮೂರರಲ್ಲಿ ಚಿಕ್ಕದಾದ, ಕೆಂಪು ಕಲ್ಲಿನ ಪಿರಮಿಡ್‌ನಿಂದ ಆರಂಭಿಸುವುದೆಂದು ತೀರ್ಮಾನವಾಯಿತು. ಕಲ್ಲುಕುಟಿಗರು, ಸುರಂಗ ತೋಡುವವರು, ಅಧಿಕಾರಿಗಳು ಅಲ್ಲಿ ಡೇರೆ ಹಾಕಿದರು. ಎಂಟು ತಿಂಗಳು ದುಡಿದರು. ದಿನವಿಡೀ ಮೈಮುರಿದು ದುಡಿದರೆ ಒಂದು ಅಥವಾ ಎರಡು ಕಲ್ಲು ಬೀಳುತ್ತಿತ್ತು. ಬಿದ್ದ ಕಲ್ಲು ಮರಳಿನಲ್ಲಿ ಹೂತುಹೋಗುತ್ತಿತ್ತು. ಅದನ್ನು ಮೇಲೆತ್ತಿ, ಒಡೆದು, ಸಾಗಿಸಲು ಇನ್ನಷ್ಟು ಪಾಡು. ಕೊನೆಗೆ ಹಣ ಮುಗಿಯಿತು, ಉತ್ಸಾಹವೂ ಮುಗಿಯಿತು. ಎಲ್ಲರೂ ಗಂಟುಮೂಟೆ ಕಟ್ಟಿದರು.

ಅಬ್ದುಲ್ಲತೀಫರು ಆ ಜಾಗವನ್ನು ನೋಡಲು ಹೋದರು. ಕೆಳಗೆ ಬಿದ್ದ ಕಲ್ಲಿನ ರಾಶಿ ನೋಡಿದರೆ ಇಡೀ ಪಿರಮಿಡ್ ನೆಲಸಮವಾಯಿತೆಂದು ತೋರುತ್ತಿತ್ತು. ತಲೆಯೆತ್ತಿ ನೋಡಿದರೆ ಅದರ ಒಂದು ಬದಿಯ ಸ್ವಲ್ಪ ಭಾಗ ಮಾತ್ರ ಕಿತ್ತುಹೋಗಿತ್ತು. ಕೆಡವಿದ ಕಲ್ಲುಗಳಲ್ಲಿ ಒಂದನ್ನು ಮೊದಲಿದ್ದ ಜಾಗದಲ್ಲಿಡಲು 1,000 ದೀನಾರ್ ಕೊಟ್ಟರೆ ಸಾಧ್ಯವೇ ಎಂದು ಅವರು ಕಲ್ಲುಕುಟಿಗರ ಮೇಸ್ತ್ರಿಯನ್ನು ಕೇಳಿದರು. ಅದರ ಎಷ್ಟು ಪಟ್ಟು ಕೊಟ್ಟರೂ ಸಾಧ್ಯವಿಲ್ಲವೆಂದು ಅವನು ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಿದನು. ಆ ಪಿರಮಿಡ್‌ನ ಉತ್ತರ ಬದಿಯಲ್ಲಿ ಉದ್ದನೆಯ ಗಾಯದ ಗುರುತನ್ನು ನೀವು ಇಂದೂ ಕಾಣಬಹುದು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ತಂದೆ ಬೈತುಲ್ ಮುಕದ್ದಸ್‌ನ ಗೋಡೆಗಾಗಿ ಹೆಗಲ ಮೇಲೆ ಕಲ್ಲು ಹೊತ್ತರು. ಮಗ ಯಾವ ಪ್ರಯೋಜನವೂ ಇಲ್ಲದೆ ಕಲ್ಲು ಕೀಳಿಸಿದರು. ಆದರೆ ತಪ್ಪು ಮಗನದು ಮಾತ್ರವಲ್ಲ. ಸಲಾಹುದ್ದೀನರ ಕಾಲದಲ್ಲಿಯೇ ಅವರ ಅಧಿಕಾರಿ ಕರಾಕೂಶ್ ಗೀಝಾದ ಅನೇಕ ಸಣ್ಣ ಪಿರಮಿಡ್‌ಗಳನ್ನು ಕೆಡವಿ ಆ ಕಲ್ಲನ್ನು ಕಟ್ಟಡಗಳಿಗೆ ಬಳಸಿದ್ದರು. ಅಲೆಕ್ಸಾಂಡ್ರಿಯಾದ ಒಬ್ಬ ಆಡಳಿತಗಾರ ಅಲ್ಲಿಯ ದೊಡ್ಡ ಸ್ತಂಭದ ಸುತ್ತಲಿದ್ದ ಸುಮಾರು 400 ಕಂಬಗಳನ್ನು ಮುರಿಸಿ ಕಡಲ ದಡಕ್ಕೆ ಎಸೆಸಿದ್ದನು. ತಮಗೆ ಅನ್ನ ಕೊಟ್ಟ ಮನೆತನದವರ ಕೃತ್ಯವೆಂದು ಅಬ್ದುಲ್ಲತೀಫರು ಇದನ್ನೆಲ್ಲ ಮುಚ್ಚಿಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದರು, ತಪ್ಪನ್ನು ತಪ್ಪೆಂದರು.

ಹಿಂದಿನ ಅರಸರು ಈ ಅವಶೇಷಗಳನ್ನು ಕಟ್ಟಿದವರ ವೈರಿಗಳಾಗಿದ್ದರೂ ಅವುಗಳನ್ನು ಕಾಪಾಡಿದ್ದರೆಂದು ಅವರು ನೆನಪಿಸುತ್ತಾರೆ. ಅದಕ್ಕೆ ಕಾರಣಗಳನ್ನೂ ಕೊಡುತ್ತಾರೆ. ಇವು ಗತಿಸಿದ ಕಾಲದ ಲೆಕ್ಕಪತ್ರಗಳು. ದೇವಗ್ರಂಥಗಳು ಹೇಳಿದ ಜನಾಂಗಗಳ ಬಗ್ಗೆ ಸಾಕ್ಷಿ ನುಡಿಯುವ ಸಾಕ್ಷಿಗಳು. ಆ ಜನರ ಬದುಕು, ವಿದ್ಯೆ, ಬುದ್ಧಿಯ ಮಟ್ಟವನ್ನು ತೋರಿಸುವ ಕನ್ನಡಿಗಳು. ಎಲ್ಲಕ್ಕಿಂತ ಮಿಗಿಲಾಗಿ, ನೋಡುವವನಿಗೆ ಅವನ ಅಂತ್ಯವನ್ನು ನೆನಪಿಸುವ ಎಚ್ಚರಿಕೆಗಳು. ಸಾಕ್ಷಿಯನ್ನೇ ಕೊಂದವನು ಪಾಠ ಕಲಿಯುವುದೆಲ್ಲಿ?

7ನೆಯ ಶತಮಾನದಲ್ಲಿ ಅಮ್ರ್ ಬಿನ್ ಆಸ್(ರ) ಅವರ ಸೇನೆ ಈಜಿಪ್ಟನ್ನು ಗೆದ್ದಿತು. ಪ್ರವಾದಿವರ್ಯರ(ಸ) ಸಂಗಾತಿಗಳು ಅಲ್ಲಿ ನೆಲೆಸಿದರು. ಪಿರಮಿಡ್‌ಗಳೂ ಆ ಬೃಹತ್ ಮುಖವೂ ನಿಂತಲ್ಲೇ ನಿಂತಿದ್ದವು. 2015ರಲ್ಲಿ ಸಿರಿಯಾದ ಪ್ರಾಚೀನ ನಗರ ಪಾಲ್ಮೈರಾದ ದೇಗುಲಗಳನ್ನು ಧರ್ಮದ ಹೆಸರಿನಲ್ಲಿ ಸಿಡಿಮದ್ದಿಟ್ಟು ಉರುಳಿಸಿದವರು ಈ ಇತಿಹಾಸವನ್ನು ಓದಿದ್ದರೆ ಒಳ್ಳೆಯದಿತ್ತು.

ನಿಧಿಗಳ್ಳರ ಜೇನು

ಕೆಡಹುವವರಿಗಿಂತ ದೊಡ್ಡ ಹಾವಳಿ ನಿಧಿಗಳ್ಳರದು. ಅವರಿಗೆ ಯಾವ ಬಿರುಕು ಕಂಡರೂ ಅದು ಭಂಡಾರದ ಬಾಗಿಲು, ಯಾವ ಮೂರ್ತಿ ಕಂಡರೂ ಅದು ನಿಧಿಯ ಕಾವಲುಗಾರ. ಕೈಯಲ್ಲಿ ಹಣವಿದ್ದವನು ಅಗೆತಕ್ಕೆ ಸುರಿದು ಬರಿಗೈಯಾಗುತ್ತಿದ್ದನು. ಹಣವಿಲ್ಲದವನು ಶ್ರೀಮಂತನೊಬ್ಬನನ್ನು ಹಿಡಿದು, ತನಗೆ ಮಾತ್ರ ಗೊತ್ತಿರುವ ಗುಟ್ಟೆಂದು ಆಸೆ ಹುಟ್ಟಿಸಿ, ಅವನನ್ನೂ ಮುಳುಗಿಸುತ್ತಿದ್ದನು. ಯೌವನದಲ್ಲಿ ಕೀಮಿಯಾದ ಹಿಂದೆ ಹೋಗಿದ್ದ ಅಬ್ದುಲ್ಲತೀಫರಿಗೆ ಈ ರೋಗದ ಗುರುತು ಚೆನ್ನಾಗಿ ಸಿಗುತ್ತಿತ್ತು.

ಪುರಾತನ ಗೋರಿಗಳಲ್ಲಿ ಲೇಪ ಹಚ್ಚಿ, ಬಟ್ಟೆ ಸುತ್ತಿ ಇಟ್ಟಿದ್ದ ಶವಗಳನ್ನು ಇವರು ಎಳೆದು ಹಾಕುತ್ತಿದ್ದರು. ಗಟ್ಟಿಯಿದ್ದ ಶವವಸ್ತ್ರ ಉಡುಪಾಗುತ್ತಿತ್ತು. ಉಳಿದದ್ದನ್ನು ಕಾಗದ ಮಾಡುವವರು ಕೊಂಡು, ಅಂಗಡಿಯವರು ಸಾಮಾನು ಕಟ್ಟುವ ಕಾಗದ ತಯಾರಿಸುತ್ತಿದ್ದರು. ಶವದೊಳಗಿನ ಲೇಪವೂ ಔಷಧಿಯೆಂದು ಮಾರಾಟವಾಗುತ್ತಿತ್ತು.

ನಂಬಿಕಸ್ಥರೊಬ್ಬರು ಅವರಿಗೆ ಹೇಳಿದ ಒಂದು ಘಟನೆಯನ್ನು ಕೇಳಿ. ಪಿರಮಿಡ್‌ಗಳ ಬಳಿ ಅಗೆಯುತ್ತಿದ್ದವರಿಗೆ ಬಾಯಿ ಮುಚ್ಚಿ ಮುದ್ರೆ ಹಾಕಿದ್ದ ಒಂದು ಜಾಡಿ ಸಿಕ್ಕಿತು. ತೆರೆದರೆ ಒಳಗೆ ಜೇನು. ಎಲ್ಲರೂ ಬೆರಳು ಅದ್ದಿ ತಿನ್ನತೊಡಗಿದರು. ಒಬ್ಬನ ಬೆರಳಿಗೆ ಕೂದಲೊಂದು ಅಂಟಿತು. ಎಳೆದರೆ ಪುಟ್ಟ ಮಗುವೊಂದರ ಶವ ಮೇಲೆ ಬಂತು. ಅಂಗಾಂಗಗಳು ಕೆಟ್ಟಿರಲಿಲ್ಲ, ಮೈಮೇಲೆ ಒಡವೆಗಳಿದ್ದವು. ಯಾವುದೋ ತಂದೆತಾಯಿ ಸಾವಿರಾರು ವರ್ಷಗಳ ಹಿಂದೆ ಅಳುತ್ತ ಇಟ್ಟ ಮಗು! ಆಸೆಗೆ ಕಣ್ಣಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಬರಗಾಲ ಕಲಿಸಿದ ಪಾಠ

ಹಿಜರಿ 596ರಲ್ಲಿ, ಅಂದರೆ ಕ್ರಿ.ಶ. 1200ರಲ್ಲಿ, ನೈಲ್ ನದಿ ಉಕ್ಕಲಿಲ್ಲ. ಹೊಲಗಳು ತಣಿಯಲು 16 ಮೊಳ ನೀರು ಏರಬೇಕಿತ್ತು. ಆ ವರ್ಷ ಏರಿದ್ದು 12 ಮೊಳ 21 ಬೆರಳು ಮಾತ್ರ. ಮುಂದಿನ ಎರಡು ವರ್ಷ ಈಜಿಪ್ಟ್ ಕಂಡ ಬವಣೆಯನ್ನು ಬರೆಯಲು ಕೈ ನಡುಗುತ್ತದೆ. ಹಳ್ಳಿಗಳು ಬರಿದಾದವು. ಜನರು ಸತ್ತ ಪ್ರಾಣಿಗಳನ್ನು ತಿಂದರು, ಕೊನೆಗೆ ಮನುಷ್ಯರು ಮನುಷ್ಯರನ್ನೇ ತಿಂದರು. ಕೈರೋದಲ್ಲಿ 22 ತಿಂಗಳಲ್ಲಿ ಸರಕಾರಿ ಲೆಕ್ಕಕ್ಕೆ ಸಿಕ್ಕಿ ದಫನವಾದವರೇ ಸುಮಾರು 1,11,000 ಮಂದಿ. ಲೆಕ್ಕಕ್ಕೆ ಸಿಗದವರು ಅದಕ್ಕಿಂತ ಬಹಳ ಹೆಚ್ಚು. 1202ರ ಮೇ ತಿಂಗಳಲ್ಲಿ ದೊಡ್ಡ ಭೂಕಂಪವೂ ಆಯಿತು.

ಒಬ್ಬ ತಾಯಿ ತನ್ನ ಮಗಳನ್ನು ಐದು ದಿರ್ಹಮ್‌ಗೆ ಕೊಳ್ಳುವಂತೆ ಅಬ್ದುಲ್ಲತೀಫರನ್ನು ಬೇಡಿದಳು. ಹುಡುಗಿ ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ಸ್ವತಂತ್ರ ಮನುಷ್ಯರನ್ನು ಕೊಳ್ಳುವುದು ಹರಾಮ್ ಎಂದು ಅವರು ತಿಳಿಸಿದರು. ಹಾಗಾದರೆ ಉಡುಗೊರೆಯಾಗಿ ಒಯ್ಯಿರಿ ಎಂದು ಆ ತಾಯಿ ಅಂಗಲಾಚಿದಳು. ಮಗಳು ಎಲ್ಲಾದರೂ ಬದುಕಿಕೊಳ್ಳಲಿ ಎಂಬುದೊಂದೇ ಅವಳ ಆಸೆ. ಪಿರಮಿಡ್‌ಗಳನ್ನು ಅಳೆದ ಅದೇ ಲೇಖನಿ ಈ ಕಣ್ಣೀರನ್ನೂ ದಾಖಲಿಸಿತು. ಕಲ್ಲುಗಳನ್ನು ನೋಡಿ ಮನುಷ್ಯರನ್ನು ಮರೆಯುವವರು ಅವರಾಗಿರಲಿಲ್ಲ.

ಕೈರೋದ ಹೊರಗೆ ಮಕ್ಸ್ ಎಂಬಲ್ಲಿ ಸತ್ತವರ ಎಲುಬುಗಳು ದಿಬ್ಬವಾಗಿ ಬಿದ್ದಿವೆಯೆಂದು ತಿಳಿದು ಅವರು ವೈದ್ಯವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋದರು. ಅಂದಿನ ವೈದ್ಯಲೋಕಕ್ಕೆ ಗ್ರೀಕ್ ಪಂಡಿತ ಜಾಲೀನೂಸ್, ಅಂದರೆ ಗ್ಯಾಲನ್ ಹೇಳಿದ್ದೇ ಕೊನೆಯ ಮಾತು. ಕೆಳದವಡೆ ಎರಡು ಎಲುಬುಗಳ ಜೋಡಣೆಯೆಂದು ಅವನು ಬರೆದಿದ್ದನು. ಸುಮಾರು 1,000 ವರ್ಷ ಎಲ್ಲರೂ ಅದನ್ನೇ ಓದಿ, ಅದನ್ನೇ ಕಲಿಸಿದ್ದರು. ಅಬ್ದುಲ್ಲತೀಫರು 2,000ಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರೀಕ್ಷಿಸಿದರು. ಎಲ್ಲೂ ಜೋಡಣೆ ಕಾಣಲಿಲ್ಲ. ತಮ್ಮ ಕಣ್ಣೇ ತಪ್ಪಿರಬಹುದೆಂದು ಬೇರೆಯವರಿಂದಲೂ ಪರೀಕ್ಷೆ ಮಾಡಿಸಿದರು. ಸಾಲದೆಂದು ಬೂಸೀರ್‌ನ ಪುರಾತನ ಗೋರಿಗಳ ಎಲುಬುಗಳನ್ನೂ ನೋಡಿದರು. ಕೆಳದವಡೆ ಒಂದೇ ಎಲುಬು ಎಂಬುದು ಖಚಿತವಾಯಿತು. ಜಾಲೀನೂಸನ ಸ್ಥಾನವನ್ನು ಅವರು ಗೌರವಿಸಿದರು. ಆದರೆ ಕಣ್ಣಾರೆ ಕಂಡ ಸತ್ಯವು ಅವನ ಮಾತಿಗಿಂತ ನಂಬಲರ್ಹವೆಂದು ತೀರ್ಮಾನಿಸಿದರು. ಯುರೋಪಿನಲ್ಲಿ ವೆಸಾಲಿಯಸ್ ಇದೇ ಮಾತನ್ನು ತನ್ನ ಗ್ರಂಥದಲ್ಲಿ ಪ್ರಕಟಿಸಿದ್ದು 1543ರಲ್ಲಿ.

ಅಂದು ಅವರು ಒಂದೇ ಒಂದು ಶವವನ್ನು ಕೊಯ್ಯಲಿಲ್ಲ, ಎಲುಬುಗಳನ್ನು ಮಾರಾಟದ ವಸ್ತುವಾಗಿಸಲಿಲ್ಲ. ಅನಾಥವಾಗಿ ಬಿದ್ದಿದ್ದುದನ್ನು ನೋಡಿ ಬದುಕಿರುವವರಿಗೆ ಉಪಕಾರವಾಗುವ ಜ್ಞಾನವನ್ನು ಪಡೆದರು. ನಿಧಿಗಳ್ಳರೂ ಅವರೂ ಇಬ್ಬರೂ ಗೋರಿಗಳ ಬಳಿಗೆ ಹೋದವರೇ. ಒಬ್ಬರು ತಂದದ್ದು ಶವವಸ್ತ್ರ, ಇನ್ನೊಬ್ಬರು ತಂದದ್ದು ಸತ್ಯ.

ಕೊನೆಯ ಪ್ರಯಾಣ

ಈಜಿಪ್ಟಿನಲ್ಲಿ ಕಂಡುದನ್ನೆಲ್ಲ ಅವರು 'ಅಲ್ ಇಫಾದ ವಲ್ ಇಅ್‌ತಿಬಾರ್' ಎಂಬ ಪುಸ್ತಕದಲ್ಲಿ ಬರೆದರು. ಪ್ರಯೋಜನ ಮತ್ತು ಪಾಠ ಎಂಬುದು ಆ ಹೆಸರಿನ ತಾತ್ಪರ್ಯ. ಅಲ್ಲಿಯ ಗಿಡಮರ, ಪ್ರಾಣಿ, ಅವಶೇಷ, ಕಟ್ಟಡ, ಅಡುಗೆ, ನದಿ, ಬರಗಾಲ ಎಲ್ಲವೂ ಅದರಲ್ಲಿವೆ. ಅವರ ಸ್ವಹಸ್ತದ ಪ್ರತಿ ಇಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. 1800ರಲ್ಲಿ ಅದು ಲ್ಯಾಟಿನ್‌ಗೆ, 1810ರಲ್ಲಿ ಫ್ರೆಂಚ್‌ಗೆ ಅನುವಾದವಾಯಿತು. ನಮ್ಮವರು ಬರೆದದ್ದನ್ನು ಜೋಪಾನ ಮಾಡಿ ಓದಿದವರು ಪರರು ಎಂಬುದು ನಮಗೆ ನಾಚಿಕೆಯ ವಿಷಯ.

ಅವರಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಅವರ ಜೀವನಕತೆಯನ್ನು ನಮಗೆ ಉಳಿಸಿಕೊಟ್ಟ ಇಬ್ನು ಅಬೀ ಉಸೈಬಿಅ ಅವರನ್ನು ಬಾಲ್ಯದಲ್ಲಿ ಕಂಡಿದ್ದರು. ತಮ್ಮ ವಿದ್ವತ್ತಿನ ಬಗ್ಗೆ ಅವರಿಗೆ ಅತಿಯಾದ ಅಭಿಮಾನವಿತ್ತು, ಸಮಕಾಲೀನ ವಿದ್ವಾಂಸರನ್ನು ಹಗುರವಾಗಿ ಕಾಣುತ್ತಿದ್ದರು ಎಂದು ಅವರು ಬರೆದಿದ್ದಾರೆ. ದೊಡ್ಡವರ ಗುಣವನ್ನು ಅನುಸರಿಸೋಣ, ದೋಷದಿಂದ ಎಚ್ಚರವಾಗಿರೋಣ.

ಬೈತುಲ್ ಮುಕದ್ದಸ್‌ನ ಅಲ್ ಅಕ್ಸಾ ಮಸೀದಿ, ದಮಸ್ಕಸ್, ಹಲಬ್, ಅನಾತೋಲಿಯಾ ಹೀಗೆ ಪಾಠ ಹೇಳುತ್ತ, ಚಿಕಿತ್ಸೆ ಮಾಡುತ್ತ, ಬರೆಯುತ್ತ ಅವರು ವೃದ್ಧರಾದರು. ಕೊನೆಗೆ ಹಜ್ಜ್ ನಿರ್ವಹಿಸುವ ಸಂಕಲ್ಪದಿಂದ ಹೊರಟರು. ದಾರಿಯಲ್ಲಿ ಬಗ್ದಾದಿಗೆ ಹೋಗಿ ತಮ್ಮ ಕೆಲವು ಗ್ರಂಥಗಳನ್ನು ಖಲೀಫರಿಗೆ ಅರ್ಪಿಸುವ ಇರಾದೆಯಿತ್ತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲದ ಬಳಿಕ ಹುಟ್ಟೂರು ಕಂಡರು. ಆದರೆ ಅಲ್ಲಿಯೇ ಕಾಯಿಲೆ ಬಿದ್ದರು. ಹಿಜರಿ 629ರ ಮುಹರ್ರಮ್‌ನಲ್ಲಿ, ಕ್ರಿ.ಶ. 1231ರಲ್ಲಿ, ಅಲ್ಲಾಹನ ಕರೆಗೆ ಓಗೊಟ್ಟರು. ತಂದೆಯ ಕಬರಿನ ಪಕ್ಕದಲ್ಲಿ ಅವರನ್ನು ದಫನ ಮಾಡಲಾಯಿತು. ಜಗತ್ತು ಸುತ್ತಿದವರ ಕೊನೆಯ ನಿಲ್ದಾಣ, ಕೈಹಿಡಿದು ಹದೀಸ್ ಸಭೆಗೆ ಕರೆದೊಯ್ದಿದ್ದ ತಂದೆಯ ಮಗ್ಗುಲು.

ಓದುಗರೇ, ದಿನವೂ ಮಲಗುವ ಮುನ್ನ ತನ್ನ ಕೆಲಸಗಳ ಲೆಕ್ಕ ನೋಡಿಕೊಳ್ಳಬೇಕೆಂದು ಅವರು ವಿದ್ಯಾರ್ಥಿಗಳಿಗೆ ಉಪದೇಶಿಸಿದ್ದರು. ಒಳಿತಿಗೆ ಅಲ್ಲಾಹನಿಗೆ ಕೃತಜ್ಞತೆ, ಕೆಡುಕಿಗೆ ಪಶ್ಚಾತ್ತಾಪ. ಇತಿಹಾಸವನ್ನು ಓದುತ್ತಿರಬೇಕೆಂದೂ ಹೇಳಿದ್ದರು. ಓದುವವನು ತನ್ನ ಅಲ್ಪಾಯುಷ್ಯದಲ್ಲಿಯೇ ಗತಿಸಿದ ಜನಾಂಗಗಳೊಡನೆ ಬಾಳಿದಂತಾಗುತ್ತದೆ.

ನೀವು ಮುಂದೆ ಯಾವುದಾದರೂ ದೇಶಕ್ಕೆ ಹೋದಾಗ, ಅಥವಾ ನಿಮ್ಮೂರಿನ ಹಳೆಯ ಕೋಟೆಗೇ ಮಕ್ಕಳನ್ನು ಕರೆದುಕೊಂಡು ಹೋದಾಗ, ಕೂಡಲೇ ಫೋಟೋ ತೆಗೆಯಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಗೋಡೆಯ ಮೇಲೆ ಮಗ ಹೆಸರು ಕೊರೆಯಲು ಹೊರಟರೆ ಕೈ ಹಿಡಿಯಿರಿ. ಕಿತ್ತ ಒಂದು ಕಲ್ಲನ್ನು ಮರಳಿ ಇಡಲು ಸಾವಿರ ದೀನಾರ್ ಕೂಡ ಸಾಲದೆಂದು ಅವನಿಗೆ ಹೇಳಿ. ಇದನ್ನು ಕಟ್ಟಿದವರು ಎಲ್ಲಿ ಹೋದರು, ಯಾಕೆ ಹೋದರು, ನಾವೆಲ್ಲಿಗೆ ಹೋಗಲಿದ್ದೇವೆ ಎಂದು ಅವನ ಜೊತೆ ಮಾತಾಡಿ. ಫೋಟೋ ಆ ಬಳಿಕವೂ ತೆಗೆಯಬಹುದು.

ನೋಡುವ ಕಣ್ಣನ್ನೂ ಪಾಠ ಕಲಿಯುವ ಹೃದಯವನ್ನೂ ಅಲ್ಲಾಹನು ನಮಗೆಲ್ಲರಿಗೆ ಅನುಗ್ರಹಿಸಲಿ.